ಗುಂಡಿಯಲ್ಲಿ ಇಬ್ಬರು

ಮಾರ್ಚ್ 6

ಭಾವನಿಗೆ ನಮಸ್ಕಾರ.

ಇಲ್ಲಿಗೆ ಬಂದು ಮೂರು ವಾರವಾಯಿತು. ಮೂರನೇ ಮಹಡಿಯಲ್ಲಿ ಒಂದು ರೂಮು ಸಿಕ್ಕಿದೆ. ಕಿಟಕಿ ತೆಗೆದರೆ ಎದುರು ಮನೆಯವರ ಬಟ್ಟೆ ಒಣಹಾಕುವ ಹಗ್ಗ ಮೂಗಿಗೆ ತಾಗುತ್ತದೆ. ಪತ್ರ ಯಾಕೆ, ಫೋನು ಮಾಡಬಾರದೇ ಎಂದು ಅಕ್ಕ ಬೈಯುತ್ತಾಳೆ. ಆದರೆ ಫೋನಿನಲ್ಲಿ ನಾನೂ ನೀವೂ "ಹೂಂ, ಮತ್ತೆ?" ಎಂದು ಎರಡು ಸಲ ಹೇಳಿ ಅವಳ ಕೈಗೆ ಕೊಟ್ಟುಬಿಡುತ್ತೇವೆ. ಕಾಗದದ ಮೇಲಾದರೆ ನಾಲ್ಕು ಸಾಲು ಹೆಚ್ಚು ಬರುತ್ತದೆ.

ಇಲ್ಲಿನ ಬೇಸ್‌ಬಾಲ್ ಕ್ರೀಡಾಂಗಣ ನೋಡಿ ಬಂದೆ. ಫೋಟೋಗ್ರಾಫರುಗಳಿಗೆ ಎರಡು ಗುಂಡಿಗಳಿವೆ, ಒಂದನೇ ಬೇಸಿನ ಕಡೆ ಒಂದು, ಮೂರನೇ ಬೇಸಿನ ಕಡೆ ಒಂದು. ನಮ್ಮಲ್ಲಿ ಇದ್ದ ಹಾಗೆಯೇ ಸೊಂಟದಷ್ಟು ಆಳ, ಮುಂದೆ ಕಬ್ಬಿಣದ ಕಂಬಿ, ಬಲೆ ಇಲ್ಲ. ಕೆಲಸ ಕೊಟ್ಟ ಪತ್ರಿಕೆಯವರು ಒಂದು ದೊಡ್ಡ ಲೆನ್ಸ್ ಕೊಡಿಸುತ್ತಾರಂತೆ. ಮುನ್ನೂರು ಮಿಲಿಮೀಟರಿನದೋ ನಾನ್ನೂರರದೋ ಎಂದು ಕೇಳಿದರು. ನಾಳೆ ಹೇಳುತ್ತೇನೆ ಅಂದು ಎರಡು ವಾರ ತಳ್ಳಿದ್ದೇನೆ. ಎಲ್ಲಿ ಕೂರಲಿ, ಯಾವುದರಲ್ಲಿ ಹೊಡೆಯಲಿ, ನೀವೇ ಹೇಳಿ. ಹನ್ನೊಂದು ವರ್ಷ ನಿಮ್ಮ ಪಕ್ಕದಲ್ಲಿ ಕೂತಿದ್ದೇ ಹೊರತು ಒಬ್ಬನೇ ಜಾಗ ಆರಿಸಿದವನಲ್ಲ ನಾನು.

ಹೋದ ಸೆಪ್ಟೆಂಬರಿನಲ್ಲಿ ನಿಮ್ಮ ಎಡಗಣ್ಣಿಗೆ ಚೆಂಡು ಬಡಿದ ಮೇಲೆ ನಾನು ಯಾವ ಗುಂಡಿಗೂ ಇಳಿದಿಲ್ಲ. ಮುಂದಿನ ತಿಂಗಳು ಇಳಿಯಲೇಬೇಕು. ಆಫೀಸಿನಲ್ಲಿ ನನ್ನ ಆ ಬಹುಮಾನದ ಫೋಟೋವನ್ನು ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದ್ದಾರೆ. ಅದಕ್ಕೆ ಬೆನ್ನು ಬರುವ ಹಾಗೆ ಮೇಜು ತಿರುಗಿಸಿಕೊಂಡೆ. ಬೆಳಕಿಗೋಸ್ಕರ ಎಂದು ಹೇಳಿದ್ದೇನೆ.

ಬಲಗಣ್ಣು ಹೇಗಿದೆ? ಆಗಾಗ ಕೆಂಪಾಗುತ್ತದೆ ಎಂದು ಅಕ್ಕ ಹೇಳಿದಳು. ಬರೆಯಿರಿ.

ನಿಮ್ಮ ಭಾವಮೈದ

*

ಮಾರ್ಚ್ 19

ಶ್ರೀಮಾನ್ ಅವಸರಪ್ಪನವರಿಗೆ,

ಎರಡು ವಾರ ತಳ್ಳಿದೆಯಂತೆ. ನಾನಿಟ್ಟ ಹೆಸರಿಗೆ ಕಳಂಕ ತಂದೆ.

ನಾನ್ನೂರು ತಗೋ. ಮುನ್ನೂರು ಹಗುರ ಎಂದು ಆಸೆಪಡಬೇಡ, ಎರಡನೇ ಬೇಸಿನಲ್ಲಿ ಧೂಳೆದ್ದಾಗ ಕೈ ಕೈ ಹಿಸುಕಿಕೊಳ್ಳುತ್ತೀಯ. ಒಂಟಿಗಾಲಿನ ಸ್ಟ್ಯಾಂಡ್ ಹಾಕು, ಭುಜ ಉಳಿಯುತ್ತದೆ. ಎರಡನೇ ಕ್ಯಾಮೆರಾ ಕೊರಳಲ್ಲಿರಲಿ, ಎಪ್ಪತ್ತು-ಇನ್ನೂರರ ಲೆನ್ಸ್ ಹಾಕಿಕೊಂಡು. ಒಂದನೇ ಬೇಸಿಗೆ ಓಡಿ ಬರುವವನು ನಾನ್ನೂರರಲ್ಲಿ ಬರೀ ಮೂಗಾಗಿ ಬರುತ್ತಾನೆ.

ಜಾಗದ ವಿಷಯ. ಬಲಗೈ ಬ್ಯಾಟರುಗಳ ಮುಖ ಬೇಕಾದರೆ ಒಂದನೇ ಬೇಸಿನ ಕಡೆ ಕೂರು. ಎಡಗೈಯವರ ಮುಖ ಮೂರನೇ ಬೇಸಿನ ಕಡೆಗೆ. ಓಟ ಮುಗಿಸಲು ಹೋಮ್ ಪ್ಲೇಟಿಗೆ ಜಾರಿಕೊಂಡು ಬರುವವನ ಮುಖ ಒಂದನೇ ಕಡೆಯಿಂದ ಸಿಗುತ್ತದೆ, ಅವನನ್ನು ತಡೆಯುವ ಕ್ಯಾಚರ್ ಮುಖ ಮೂರನೇ ಕಡೆಯಿಂದ. ಗೆದ್ದವನ ಮುಖ ಬೇಕೋ ಸೋತವನ ಮುಖ ಬೇಕೋ ಎಂದು ಮೊದಲೇ ಯೋಚಿಸಿ ಕೂರಬೇಕು. ಎರಡೂ ಬೇಕು ಅನ್ನುವವನಿಗೆ ಎರಡೂ ಸಿಗುವುದಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ. ಎಡಗೈಯವನು ಬ್ಯಾಟ್ ಹಿಡಿದು ನಿಂತರೆ ಒಂದನೇ ಬೇಸಿನ ಗುಂಡಿಯವನು ಲೆನ್ಸಿನಿಂದ ಕಣ್ಣು ತೆಗೆದುಬಿಡಬೇಕು. ಅವನು ಎಳೆದು ಹೊಡೆದ ಚೆಂಡು ನಮ್ಮ ಮನೆ ವಿಳಾಸಕ್ಕೇ ಬರುತ್ತದೆ. ನಾನ್ನೂರು ಹಿಡಿದವನಿಗೆ ಮೈದಾನವಿಲ್ಲ, ಬಾಗಿಲ ಸಂದಿಯಷ್ಟು ಜಾಗ ಇದೆ, ಅಷ್ಟೇ. ಕಣ್ಣು ತೆಗೆಯಲಾರೆ ಅನ್ನುವುದಾದರೆ ಪಕ್ಕದಲ್ಲಿ ಸಣ್ಣ ಲೆನ್ಸಿನವನು ಕಾವಲಿರಬೇಕು. ನಾವು ಹಾಗೆ ಮಾಡುತ್ತಿದ್ದೆವು. "ನೋಡ್ತಿದೀಯಾ?" ಎಂದು ನಾನು ಕೇಳುವುದು, "ನೋಡ್ತಿದೀನಿ" ಎಂದು ನೀನು ಹೇಳುವುದು. ಅಲ್ಲಿ ಯಾರನ್ನಾದರೂ ಹಾಗೆ ಜೋಡಿ ಮಾಡಿಕೋ. ಒಬ್ಬನೇ ಕೂರಬೇಡ.

ನನ್ನ ಕಣ್ಣಿನ ಸಮಾಚಾರ ಕೇಳಿದೆ. ಎಡಗಣ್ಣೆಂಬ ಅಣ್ಣ ಹೋದ ದಾರಿಯಲ್ಲೇ ಬಲಗಣ್ಣೆಂಬ ತಮ್ಮನೂ ಹೊರಟಿದ್ದಾನೆ. ಪೆಟ್ಟು ತಿಂದ ಕಣ್ಣಿನಿಂದ ಒಳ್ಳೆಯ ಕಣ್ಣಿಗೂ ಉರಿ ಹತ್ತುವುದು ಸಾವಿರಕ್ಕೊಬ್ಬರಿಗಂತೆ. ಲಾಟರಿಯಲ್ಲಿ ಯಾವತ್ತೂ ಬಾರದ ನನ್ನ ನಂಬರು ಇಲ್ಲಿ ಬಂತು. ಔಷಧಿ ಹಾಕಿ ನೋಡೋಣ, ಆಗಸ್ಟಿನ ತನಕ ಓದಲು ಬರೆಯಲು ತೊಂದರೆ ಇರಲಾರದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಆಮೇಲಿನದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ನಿನ್ನ ಅಕ್ಕ ಕೇಳಿದಳು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ನನಗೆ ಹೆದರಿಕೆಯಾಗುತ್ತದೆ. ನಿನ್ನ ಅಕ್ಕನಿಗೆ ಹೇಳಬೇಡ.

ನಿನ್ನ ಭಾವ

*

ಏಪ್ರಿಲ್ 11
(ಇದನ್ನು ಅಂದು ಅಂಚೆಗೆ ಹಾಕಲಿಲ್ಲ)

ಭಾವ,

ಇವತ್ತು ಮೊದಲ ಆಟ. ಗುಂಡಿಗೆ ಇಳಿದೆ. ಎಡಗೈಯವನೊಬ್ಬ ಬಂದು ನಿಂತ ಕೂಡಲೇ ಕ್ಯಾಮೆರಾ ಬಿಟ್ಟು ನೆಲಕ್ಕೆ ಕೂತೆ. ಪಕ್ಕದವರು ನೀರು ಕೊಟ್ಟರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ, ಇಲ್ಲದಿದ್ದರೆ ನಾನು ಬದುಕುವುದು ಕಷ್ಟ.

ಆವತ್ತು ಎದುರು ತಂಡದ ಮುದಿ ಪಿಚರನನ್ನು ಹೊರಗೆ ಕಳಿಸಿದರು, ನೆನಪಿದೆಯಲ್ಲ, ಅವನ ಕೊನೆಯ ಆಟ. ಅವನು ಹೋಗಿ ಆಚೆ ಬದಿಯ ಡಗೌಟಿನಲ್ಲಿ, ಅವರ ತಂಡದ ಬೆಂಚಿನ ಮೇಲೆ ಕೂತ. ಹೊಸ ಪಿಚರ್ ಚೆಂಡೆಸೆಯಲು ಬಂದ, ಎಡಗೈ ಬ್ಯಾಟರ್ ನಿಂತ. ಒಂದನೇ ಬೇಸಿನವನು ಎರಡನೆಯದಕ್ಕೆ ಓಡುತ್ತಾನೆ ಎಂದು ನೀವು ನಾನ್ನೂರನ್ನು ಎರಡನೇ ಬೇಸಿಗೆ ಇಟ್ಟಿರಿ. "ನೋಡ್ತಿದೀಯಾ?" ಅಂದಿರಿ. ನಾನು "ನೋಡ್ತಿದೀನಿ" ಅಂದೆ.

ನೋಡುತ್ತಿರಲಿಲ್ಲ ಭಾವ. ಸಣ್ಣ ಲೆನ್ಸ್ ಕೆಳಗಿಟ್ಟು, ನಿಮ್ಮ ಚೀಲದಿಂದ ಮುನ್ನೂರನ್ನು ತೆಗೆದು, ಅದಕ್ಕೆ ಡಬ್ಲರ್ ಸಿಕ್ಕಿಸುತ್ತಿದ್ದೆ. ಆರುನೂರಾಯಿತು. ಆ ಮುದುಕ ಟವಲು ಕಚ್ಚಿಕೊಂಡು ಅಳುತ್ತಿದ್ದ. ಹನ್ನೊಂದು ವರ್ಷ ಕಾವಲು ಕೂತು ನನ್ನ ಹೆಸರಿನಲ್ಲಿ ಒಂದು ಮುಖಪುಟವೂ ಬಂದಿರಲಿಲ್ಲ. ಇದೊಂದು ಅಂದುಕೊಂಡೆ. ನಾನೂ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದೆ, ನೀವೂ ಬಾಗಿಲ ಸಂದಿಯಲ್ಲಿ ನೋಡುತ್ತಿದ್ದಿರಿ. ಮೈದಾನ ನೋಡುವವರು ಯಾರೂ ಇರಲಿಲ್ಲ.

ಚೆಂಡು ಬಂದ ಸದ್ದು ನನಗೆ ಕೇಳಿತು. ನೀವು ಬಿದ್ದ ಸದ್ದೂ ಕೇಳಿತು. ಬೆರಳು ಒತ್ತುತ್ತಲೇ ಇತ್ತು. ಆ ಫೋಟೋದಲ್ಲಿ ಮುದುಕನ ಹಿಂದೆ ಇಡೀ ಬೆಂಚೇ ಎದ್ದು ನಿಂತಿದೆಯಲ್ಲ, ಬಾಯಿಗೆ ಕೈ ಇಟ್ಟುಕೊಂಡು. ಒಬ್ಬ ಹಿರಿಯನಿಗಾಗಿ ಇಡೀ ತಂಡವೇ ಮರುಗಿದ ಕ್ಷಣ ಎಂದು ಬಹುಮಾನ ಕೊಟ್ಟವರು ಬರೆದರು. ಅವರು ಮರುಗುತ್ತಿದ್ದದ್ದು ನಿಮಗಾಗಿ. ನಿಮ್ಮ ಮುಖದ ರಕ್ತ ನೋಡಿ ಅವರು ಎದ್ದು ನಿಂತಾಗ ನಾನು ಅದನ್ನು ತೆಗೆದೆ. ಅದರಿಂದಲೇ ನನಗೆ ಈ ಕೆಲಸ ಸಿಕ್ಕಿತು.

ಆಸ್ಪತ್ರೆಯಲ್ಲಿ ಅಕ್ಕ ನನ್ನ ಕೈ ಹಿಡಿದುಕೊಂಡು, "ನೀನು ಪಕ್ಕದಲ್ಲಿ ಇದ್ದಿದ್ದಕ್ಕೆ ಪ್ರಾಣ ಉಳೀತು" ಅಂದಳು.

ಕ್ಷಮಿಸಿ ಎಂದು ಬರೆಯಲೂ ನಾಚಿಕೆ. ಬೈಯಿರಿ, ನನ್ನ ಮುಖ ನೋಡಬೇಡಿ, ಏನಾದರೂ ಮಾಡಿ. ಗೊತ್ತಿರಲಿ ಎಂದು ಬರೆದೆ.

*

ಏಪ್ರಿಲ್ 12

ಭಾವನಿಗೆ ನಮಸ್ಕಾರ.

ನಾನ್ನೂರು ಬಂತು. ಮೊದಲ ಆಟಕ್ಕೆ ಮೂರನೇ ಬೇಸಿನ ಕಡೆ ಕೂರೋಣ ಅಂದುಕೊಂಡವನು ಅಭ್ಯಾಸ ಬಲದಿಂದ ಒಂದನೇ ಕಡೆ ಹೋದೆ. ಸಂಜೆ ಬಿಸಿಲು ಅಲ್ಲಿ ಎದುರಿಗೇ ಹೊಡೆಯುತ್ತದೆ, ಟೋಪಿಯ ನೆರಳಲ್ಲಿ ಬ್ಯಾಟರುಗಳ ಕಣ್ಣೇ ಕಾಣುವುದಿಲ್ಲ. ನೆಲದ ಹತ್ತಿರಕ್ಕೆ ಬಗ್ಗಿದರೆ ಸ್ವಲ್ಪ ಸಿಗುತ್ತದೆ. ಹೇಳಿಕೊಳ್ಳುವಂಥ ಚಿತ್ರ ಒಂದೂ ಬರಲಿಲ್ಲ.

ಜೋಡಿಗೆ ಇನ್ನೂ ಯಾರೂ ಸಿಕ್ಕಿಲ್ಲ. ಇಲ್ಲಿ ಎಲ್ಲರೂ ಅವರವರ ಪಾಡು.

ಔಷಧಿ ತಪ್ಪಿಸಬೇಡಿ. ಬೇರೆ ವಿಶೇಷವೇನಿಲ್ಲ.

ನಿಮ್ಮ ಭಾವಮೈದ

*

ಜೂನ್ 2

ಅವಸರಪ್ಪ,

ಅಕ್ಷರ ದೊಡ್ಡದಾಗಿದೆ ಎಂದು ನಗಬೇಡ. ಸಣ್ಣದಾಗಿ ಬರೆದರೆ ನಾನು ಬರೆದದ್ದು ನನಗೇ ಸಿಗುವುದಿಲ್ಲ. ನೆಗೆಟಿವ್ ನೋಡುವ ಭೂತಗನ್ನಡಿ ಇತ್ತಲ್ಲ, ಅದನ್ನು ನಿನ್ನ ಪತ್ರದ ಮೇಲೆ ಉರುಳಿಸಿ ಓದುತ್ತೇನೆ. ಒಂದು ಸಲಕ್ಕೆ ಎರಡು ಪದ. ಅವಸರವಿಲ್ಲದೆ ಓದುವುದನ್ನು ಈ ವಯಸ್ಸಿನಲ್ಲಿ ಕಲಿತೆ.

ಹೋದ ಭಾನುವಾರ ನಿನ್ನ ಅಕ್ಕ ಹಟ ಹಿಡಿದು ಆಟಕ್ಕೆ ಕರೆದುಕೊಂಡು ಹೋದಳು. ಹೋಮ್ ಪ್ಲೇಟಿನ ಹಿಂದೆ, ಮೇಲಿನ ಸಾಲು. ಬದುಕಿನಲ್ಲಿ ಮೊದಲ ಸಲ ದುಡ್ಡು ಕೊಟ್ಟು ಆಟ ನೋಡಿದೆ, ಅದೂ ಕಾಣದ ಕಣ್ಣಿನಲ್ಲಿ. ಹಸಿರು ಕಾಣುತ್ತದೆ, ಬಿಳಿ ಚುಕ್ಕೆಗಳು ಓಡಾಡುತ್ತವೆ. ಚೆಂಡು ಕಾಣುವುದಿಲ್ಲ. ಯಾರು ಎಲ್ಲಿಗೆ ಹೊಡೆದರು ಎಂದು ಅವಳು ಹೇಳುತ್ತಿದ್ದಳು. ಅವಳಿಗೆ ಆಟ ಗೊತ್ತಿಲ್ಲ, "ಆ ಕಡೆ ಹೋಯ್ತು, ಈ ಕಡೆ ಬಂತು" ಅನ್ನುತ್ತಾಳೆ. ಐದನೇ ಇನಿಂಗ್ಸಿಗೆ ಎದ್ದು ಬಂದೆವು. ಮನೆಗೆ ಬಂದು ಅವಳ ಮೇಲೆ ರೇಗಿದೆ. ಪಾಪದ ಹೆಂಗಸು, ಅವಳದೇನು ತಪ್ಪು.

ಡಾಕ್ಟರು ಹೇಳಿದ ಆಗಸ್ಟು ಕ್ಯಾಲೆಂಡರಿನ ಆಗಸ್ಟಿಗಿಂತ ಮುಂಚೆ ಬರುವ ಹಾಗಿದೆ.

ಒಂದು ಮಾತು. ಹನ್ನೊಂದು ವರ್ಷ ನೀನು ಕೇಳುವುದನ್ನೆಲ್ಲ ನನ್ನ ಹತ್ತಿರ ಕೇಳಿದ್ದೀಯ. ಹೇಳುವುದು ಏನಾದರೂ ಇದ್ದರೆ ಈಗ ಹೇಳು. ಏನೇ ಆದರೂ ಸರಿ. ನನ್ನ ಕಣ್ಣಿನಿಂದ ನಾನೇ ಓದಬೇಕು ಎಂದು ಆಸೆ. ಕೆಲವು ಮಾತುಗಳು ಹೆಂಡತಿಯ ಬಾಯಲ್ಲಿ ಕೇಳುವಂಥವಲ್ಲ.

ಅಕ್ಷರ ದೊಡ್ಡದು ಮಾಡಿ ಬರೆ. ಕಪ್ಪು ಶಾಯಿ.

ಭಾವ

*

ಜುಲೈ 20

ಭಾವನಿಗೆ ನಮಸ್ಕಾರ.

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ವಾರಕ್ಕೆ ನಾಲ್ಕು ಆಟ. ಗುಂಡಿ ಬಿಟ್ಟಿದ್ದೇನೆ. ಈಗ ಸೆಂಟರ್ ಫೀಲ್ಡಿನ ಆಚೆ, ಗೋಡೆಯ ಮೇಲಿನ ಕಟ್ಟೆಯಲ್ಲಿ ಆರುನೂರು ಹಾಕಿಕೊಂಡು ಕೂರುತ್ತೇನೆ. ಪಿಚರನ ಬೆನ್ನು, ಬ್ಯಾಟರ್, ಕ್ಯಾಚರ್, ಅಂಪೈರ್ ನಾಲ್ವರೂ ಒಂದೇ ಸಾಲಿನಲ್ಲಿ ಸಿಗುತ್ತಾರೆ. ನಾನ್ನೂರು ಅಡಿ ದೂರ, ಅಷ್ಟು ಬಿರುಸಿನ ಚೆಂಡು ಅಲ್ಲಿಗೆ ಬರುವುದಿಲ್ಲ. ಎಲ್ಲ ಚಿತ್ರವೂ ಒಂದೇ ಥರ ಬರುತ್ತದೆ ಎಂದು ಸಂಪಾದಕರು ಗೊಣಗುತ್ತಾರೆ. ಗೊಣಗಲಿ.

ನೀವು ಕೇಳಿದ್ದಕ್ಕೆ ಬಿಡುವು ಮಾಡಿಕೊಂಡು ವಿವರವಾಗಿ ಬರೆಯುತ್ತೇನೆ. ಹೇಳುವುದಿದೆ. ಇವತ್ತು ಆಗುತ್ತಿಲ್ಲ.

ನಿಮ್ಮ ಭಾವಮೈದ

*

ಸೆಪ್ಟೆಂಬರ್ 3

ತಮ್ಮನಿಗೆ,

ನಿನ್ನ ಭಾವನಿಗೆ ಈಗ ಓದಲು ಆಗುವುದಿಲ್ಲ. ಹಗಲು ರಾತ್ರಿ ಗೊತ್ತಾಗುತ್ತದೆ, ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಅಷ್ಟೇ. ಆಗಸ್ಟಿನ ಕೊನೆಯ ವಾರ ಒಂದೇ ಸಲ ಇಳಿದುಹೋಯಿತು. ಜುಲೈಯಲ್ಲಿ ಬಂದ ನಿನ್ನ ಪತ್ರವನ್ನು ಅವರು ತಾವೇ ಓದಿದರು, ಅರ್ಧ ದಿನ ಹಿಡಿಯಿತು. ಓದಿ ಮುಗಿಸಿ, ಮಡಿಸಿ, "ಇನ್ನೊಂದು ಬರುತ್ತೆ" ಅಂದರು. ಆಮೇಲೆ ಬರಲಿಲ್ಲ.

ಇನ್ನು ಮುಂದೆ ನಾನು ಓದಿ ಹೇಳುತ್ತೇನೆ. ಏನಾದರೂ ಬರೆ. ಲೆನ್ಸು, ಬೇಸು, ನಿಮ್ಮ ಅದೇ ಪುರಾಣ ಆದರೂ ಸರಿ. ನೀನು ಆವತ್ತು ಪಕ್ಕದಲ್ಲಿ ಇದ್ದವನು. ಬೇರೆ ಯಾರ ಮಾತೂ ಅವರಿಗೆ ರುಚಿಸುವುದಿಲ್ಲ.

ಅಕ್ಕ

*

ಸೆಪ್ಟೆಂಬರ್ 14

ಭಾವ,

ಇದನ್ನು ಅಕ್ಕ ಓದುತ್ತಾಳೆ ಎಂದು ಗೊತ್ತಿದೆ. ಅದಕ್ಕೇ ಇಷ್ಟು ದಿನ ಕಳಿಸಲಿಲ್ಲ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಅದು ಸುಳ್ಳು. ನೀವೇ ಓದಬಹುದಾಗಿದ್ದಾಗಲೂ ಕಳಿಸಲಿಲ್ಲ. ಬರೆದ ಮಾರನೇ ದಿನ ಅಂಚೆ ಡಬ್ಬಿಯ ತನಕ ಹೋಗಿ, ಬೇರೆ ಪತ್ರ ಹಾಕಿ ವಾಪಸು ಬಂದೆ. ಐದು ತಿಂಗಳು ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ.

ಎರಡನೇ ಹಾಳೆ ಅದೇ, ಏಪ್ರಿಲ್ 11ರದು. ಒಂದು ಅಕ್ಷರವನ್ನೂ ತಿದ್ದಿಲ್ಲ.

ಅಕ್ಕಾ, ನಿನ್ನಿಂದ ಓದಿಸುತ್ತಿದ್ದೇನೆ. ಪೂರ್ತಿ ಓದು.

*

ಅಕ್ಟೋಬರ್ 1

ತಮ್ಮನಿಗೆ,

ನಿನ್ನ ಪತ್ರ ಬಂದು ಹದಿಮೂರು ದಿನವಾಯಿತು. ಬರೆಯಲು ಕೂತು ಮೂರು ಸಲ ಎದ್ದೆ.

ಅಂಚೆಯವನು ಕೊಟ್ಟು ಹೋದಾಗ ಅವರು ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ನಾನೂ ಒಂದು ಕುರ್ಚಿ ಹಾಕಿಕೊಂಡು ಕೂತೆ. ಓದುವ ಮುಂಚೆ ಒಂದು ಸಲ ಕಣ್ಣು ಹಾಯಿಸುತ್ತೇನೆ, ನಿನ್ನ ಕಾಗೆ ಕಾಲು ಗುಬ್ಬಿ ಕಾಲು ಅಕ್ಷರದಲ್ಲಿ ತಡವರಿಸಬಾರದಲ್ಲ. ಎರಡನೇ ಹಾಳೆಯಲ್ಲಿ ನನ್ನ ಮಾತು ಇದೆ, ಆಸ್ಪತ್ರೆಯಲ್ಲಿ ನಾನು ನಿನ್ನ ಕೈ ಹಿಡಿದುಕೊಂಡು ಹೇಳಿದ್ದು. ಒಂದು ವರ್ಷ ಮನೆಗೆ ಬಂದವರಿಗೆಲ್ಲ ಹೇಳಿದ್ದೇನೆ, ನನ್ನ ತಮ್ಮ ಇಲ್ಲದಿದ್ದರೆ ಆವತ್ತು ಗಂಡನೇ ಇರುತ್ತಿರಲಿಲ್ಲ ಎಂದು.

"ಏನಂತೆ?" ಎಂದು ಕೇಳಿದರು. ನಾನು ಬಾಯಿಗೆ ಬಂದದ್ದು ಹೇಳಿದೆ. ಚಳಿ ಶುರುವಾಗಿದೆಯಂತೆ, ಕೆಲಸ ಜಾಸ್ತಿಯಂತೆ, ನಿಮ್ಮ ಆರೋಗ್ಯ ಕೇಳಿದ್ದಾನೆ ಎಂದು. ಇಷ್ಟೇನಾ ಎಂದು ಕೇಳಿದರು. ಇಷ್ಟೇ ಅಂದೆ. ಎರಡು ಹಾಳೆಯ ಸದ್ದು ಬಂತಲ್ಲ ಅಂದರು. ಇನ್ನೊಂದು ಖಾಲಿ ಅಂದೆ.

ಆಮೇಲೆ ಅವರೇ ಹೇಳಿದರು. ನಿಧಾನವಾಗಿ, ಪಾಠ ಹೇಳುವ ಹಾಗೆ ಹೇಳಿದರು. "ಅವನು ಆವತ್ತು ತೆಗೆದ ಫೋಟೋ ಇದೆಯಲ್ಲ, ಅದು ಸಣ್ಣ ಲೆನ್ಸಲ್ಲಿ ಬರೋದಲ್ಲ. ಆಸ್ಪತ್ರೇಲಿ ಪೇಪರ್ ನೋಡಿದ ದಿನವೇ ಗೊತ್ತಾಯ್ತು. ಅದರಲ್ಲಿ ಎದ್ದು ನಿಂತಿರೋರು ನೋಡ್ತಿರೋದು ನನ್ನನ್ನ. ಇರಲಿ. ನಾನಾದರೂ ಆ ವಯಸ್ಸಲ್ಲಿ ಅದನ್ನೇ ಮಾಡ್ತಿದ್ದೆ. ಅವನೇ ಬಾಯಿಬಿಟ್ಟು ಹೇಳಲಿ ಅಂತ ಕಾದೆ, ಅಷ್ಟೇ. ಹೇಳಿದರೆ ಇಬ್ಬರಿಗೂ ಸ್ವಲ್ಪ ಉಸಿರಾಡೋಕಾಗುತ್ತಿತ್ತು."

ಪತ್ರ ನನ್ನ ಕೈಯಲ್ಲೇ ಇತ್ತು. ಆಗಲೇ ಓದಬಹುದಿತ್ತು. ಓದಲಿಲ್ಲ. ನನ್ನ ಸಿಟ್ಟು ಎಷ್ಟಿತ್ತೆಂದರೆ, ನೀನು ಹಗುರಾಗಬಾರದು ಅನ್ನಿಸಿತು. ಈ ಮನುಷ್ಯ ಕ್ಷಮಿಸಿದ ಎಂದು ತಿಳಿದು ನೀನು ಅಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಬಾರದು ಅನ್ನಿಸಿತು. ಪತ್ರದ ಮೇಲೆ ಏಪ್ರಿಲ್ ತಾರೀಕಿದೆ. ಏಪ್ರಿಲಿನಲ್ಲಿ ಅವರು ಪೇಪರಿನ ಜಾಹೀರಾತನ್ನೂ ಬಿಡದೆ ಓದುತ್ತಿದ್ದರು.

ರಾತ್ರಿ ಸಿಟ್ಟು ಇಳಿಯಿತು. ಬೆಳಿಗ್ಗೆ ಓದಿಬಿಡೋಣ ಅಂದುಕೊಂಡೆ. ಬೆಳಗಾದಾಗ ಬಾಯಿ ಬರಲಿಲ್ಲ. ನಿನ್ನೆ ಯಾಕೆ ಖಾಲಿ ಅಂದೆ ಎಂದು ಕೇಳಿದರೆ ಏನು ಹೇಳಲಿ. ಕಣ್ಣಿಲ್ಲದವರಿಗೆ ಹೆಂಡತಿ ಓದಿ ಹೇಳುವುದೇ ಒಂದು ಆಧಾರ, ಅದರಲ್ಲೂ ಸುಳ್ಳಿದೆ ಎಂದು ಗೊತ್ತಾದರೆ ಅವರು ಇನ್ನು ಯಾವುದನ್ನು ನಂಬಬೇಕು. ಹೀಗೆ ಒಂದು ದಿನ ಎರಡಾಯಿತು, ಎರಡು ಹದಿಮೂರಾಯಿತು. ನಿನಗೆ ಐದು ತಿಂಗಳು ಹೇಗೆ ಹೋಯಿತು ಎಂದು ನನಗೆ ಈಗ ಅರ್ಥವಾಗುತ್ತದೆ. ಅರ್ಥವಾದದ್ದಕ್ಕೆ ನಿನ್ನ ಮೇಲೆ ಇನ್ನೂ ಸಿಟ್ಟು ಬರುತ್ತದೆ.

ನೀನೇ ಬಂದು ಎದುರಿಗೆ ಕೂತು ಹೇಳಿದರೆ ನಾನು ತಡೆಯುವುದಿಲ್ಲ, ಒಳಗೆ ಹೋಗುತ್ತೇನೆ. ಬಾ ಎಂದು ಕರೆಯಲು ಮಾತ್ರ ನನ್ನ ಕೈ ಏಳುತ್ತಿಲ್ಲ. ಬರಬೇಡ ಎಂದೂ ಬರೆಯಲಾರೆ. ಆದರೆ ನೀನು ಬರುವವನಲ್ಲ. ನಾನು ನಿನ್ನನ್ನು ಎತ್ತಿ ಆಡಿಸಿದವಳು, ನನಗೆ ಗೊತ್ತು.

ಅವರಿಗೆ ನೀನು ಮಾಡಿದ್ದು ಗೊತ್ತಿದೆ. ನೀನು ಹೇಳಿದ್ದು ಗೊತ್ತಿಲ್ಲ. ಇವತ್ತೂ ಅಂಚೆಯ ಹೊತ್ತಿಗೆ ಕುರ್ಚಿ ತಡವಿ ಬಾಗಿಲ ಹತ್ತಿರ ಎಳೆದುಕೊಂಡು ಕೂತರು. ಅಂಚೆಯವನು ಹೋದ ಮೇಲೆ, "ಅವನದು ಏನಾದರೂ ಬಂತಾ?" ಎಂದು ಕೇಳಿದರು.

ಇಲ್ಲ ಅಂದೆ.

ಅಕ್ಕ